ಆ ಚಮಚದ ಫೋಟೊ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಹೆರಾಯಿನ್ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಬರಹದ ಬಗ್ಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಅದರ ಫೋಟೊ ಬಗ್ಗೆ. ತಳ ಕಪ್ಪಾದ ಚಮಚ, ಕೆಳಗೆ ಲೈಟರ್‌ನ ಉರಿ, ಪಕ್ಕದಲ್ಲಿ ಸಿರಿಂಜು. ಬಣ್ಣದಲ್ಲಿ, ಅಂಗೈ ಅಗಲಕ್ಕೆ. ಓದುಗರು ಹೆದರಲಿ ಅಂತ ಹಾಕಿದ್ದೀರಿ, ಗೊತ್ತು. ಆದರೆ ಹೆರಾಯಿನ್ ಬಿಟ್ಟು ದಿನ ಎಣಿಸುತ್ತಿರುವವರೂ ನಿಮ್ಮ ಪತ್ರಿಕೆ ಓದುತ್ತಾರೆ. ಆ ಫೋಟೊ ಅವರನ್ನು ಹೆದರಿಸುವುದಿಲ್ಲ, ಕರೆಯುತ್ತದೆ.

ನನ್ನ ತಮ್ಮ ಅಂಥವರಲ್ಲಿ ಒಬ್ಬ. ಬಿಟ್ಟು ಮೂರು ವರ್ಷವಾಯಿತು.

ಬಿಟ್ಟ ಎಂಟನೇ ತಿಂಗಳಲ್ಲಿ ನಡೆದದ್ದು ಹೇಳುತ್ತೇನೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಹಳೇ ಚಮಚದಲ್ಲಿ ಮೇಣ ಹಾಕಿ ಒಲೆಯ ಮೇಲೆ ಹಿಡಿದು ಕರಗಿಸುತ್ತಿದ್ದೆ. ತಮ್ಮ ನೀರು ಕುಡಿಯಲು ಬಂದವನು ಅಡುಗೆಮನೆ ಬಾಗಿಲಲ್ಲೇ ನಿಂತ. ಒಂದು ಆಕಳಿಕೆ ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು. ಕಣ್ಣಲ್ಲಿ ನೀರು ತುಂಬಿತು, ಮೂಗು ಸೋರತೊಡಗಿತು, ತೋಳಿನ ಕೂದಲೆಲ್ಲ ಎದ್ದು ನಿಂತವು. ನನಗೆ ಮೊದಲು ಅರ್ಥವೇ ಆಗಲಿಲ್ಲ. ನೆಗಡಿ ಇರಬೇಕು ಅಂದುಕೊಂಡೆ. "ಅಕ್ಕಾ, ಅದನ್ನ ಕೆಳಗಿಡು" ಅಂದ. ದನಿ ಅವನದೇ ಅನ್ನಿಸಲಿಲ್ಲ.

ಇವೆಲ್ಲ ಹೆರಾಯಿನ್ ಸಿಗದಾಗ ಮೈಯಲ್ಲಿ ಏಳುವ ಲಕ್ಷಣಗಳು. ಕೊನೆಯ ಡೋಸ್ ಆದ 6ರಿಂದ 12 ಗಂಟೆಯಲ್ಲಿ ಶುರುವಾಗುತ್ತವೆ, ಎರಡು ಮೂರನೇ ದಿನ ಜೋರಾಗುತ್ತವೆ, ವಾರದ ಹೊತ್ತಿಗೆ ಹೆಚ್ಚುಕಮ್ಮಿ ಇಳಿಯುತ್ತವೆ. ತಮ್ಮನಿಗೆ ಎಂಟು ತಿಂಗಳಾದ ಮೇಲೆ ಬಂದಿದ್ದವು, ಬರೀ ಒಂದು ಚಮಚ ನೋಡಿ. ಅಮೆರಿಕದ ವೈದ್ಯ ಅಬ್ರಹಾಂ ವಿಕ್ಲರ್ ಇದನ್ನು 1940ರ ದಶಕದಲ್ಲೇ ಗಮನಿಸಿದ್ದರು. ಬಿಟ್ಟು ಎಷ್ಟೋ ತಿಂಗಳಾದ ರೋಗಿಗಳು ಗುಂಪಾಗಿ ಕೂತು ಹಳೇ ದಿನಗಳ ಮಾತೆತ್ತಿದರೆ ಸಾಕು, ಆಕಳಿಸುತ್ತಿದ್ದರಂತೆ, ಮೂಗು ಒರೆಸಿಕೊಳ್ಳುತ್ತಿದ್ದರಂತೆ.

ಹೀಗಾಗಲು ಕಾರಣ ಇದೆ. ಹೆರಾಯಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಸೇರಿ ಮಾರ್ಫಿನ್ ಆಗಿ ಬದಲಾಗುತ್ತದೆ. ನಮ್ಮ ಮೈಯೇ ತಯಾರಿಸುವ ಎಂಡಾರ್ಫಿನ್ ಕೂರಬೇಕಾದ ಜಾಗದಲ್ಲಿ ಹೋಗಿ ಕೂರುತ್ತದೆ. ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕಕ್ಕೆ ಬ್ರೇಕ್ ಹಾಕುವ ಕೆಲವು ಜೀವಕೋಶಗಳು ಆಗ ಸುಮ್ಮನಾಗುತ್ತವೆ. ಬ್ರೇಕ್ ಬಿಟ್ಟಂತೆ ಡೋಪಮಿನ್ ಹರಿಯುತ್ತದೆ. ಡೋಪಮಿನ್ ಅಂದರೆ ಸುಖ ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಅರ್ಥವಾದ ಮಟ್ಟಿಗೆ ಅದು "ಇದನ್ನು ಮರೆಯಬೇಡ" ಅಂತ ಮಿದುಳಿಗೆ ಸಿಗುವ ತಾಕೀತು. ಆ ಹೊತ್ತಲ್ಲಿ ಎದುರಿಗೆ ಏನಿತ್ತೋ, ಚಮಚ, ಕೋಣೆ, ಜೊತೆಯಲ್ಲಿದ್ದ ಗೆಳೆಯನ ಮುಖ, ಎಲ್ಲವೂ ಆ ತಾಕೀತಿನ ಜೊತೆ ಅಂಟಿಕೊಳ್ಳುತ್ತವೆ. ಮನುಷ್ಯ ಹೆರಾಯಿನ್ ಬಿಟ್ಟರೂ ಈ ಅಂಟು ಬಿಡುವುದಿಲ್ಲ.

ಒಂದು ಫೋಟೊಗೆ ಇಷ್ಟೆಲ್ಲ ಆಗುತ್ತಾ ಅಂತ ನೀವು ಕೇಳಬಹುದು. 2008ರಲ್ಲಿ ಅಮೆರಿಕದ ಸಂಶೋಧಕಿ ಆನಾ ರೋಸ್ ಚೈಲ್ಡ್ರೆಸ್ ಮತ್ತು ಅವರ ಜೊತೆಗಾರರು ಕೊಕೇನ್ ಚಟವಿದ್ದ 22 ಜನರಿಗೆ ಅದಕ್ಕೆ ಸಂಬಂಧಿಸಿದ ಚಿತ್ರಗಳನ್ನು ಬರೀ 33 ಮಿಲಿಸೆಕೆಂಡ್ ತೋರಿಸಿದರು. ಏನು ನೋಡಿದೆವು ಅಂತ ಅವರಿಗೇ ತಿಳಿಯದಷ್ಟು ಚುಟುಕು ಹೊತ್ತು. ಆದರೂ ಮಿದುಳಿನ ಸ್ಕ್ಯಾನ್‌ನಲ್ಲಿ ಆಸೆಯ ಭಾಗಗಳು ಎದ್ದು ಕಂಡವು. ಅದು ಕೊಕೇನ್, ಇದು ಹೆರಾಯಿನ್, ನಿಜ. ಆದರೆ ಮಿದುಳು ಕಲಿಯುವ ದಾರಿ ಒಂದೇ ತರಹದ್ದು.

ಇನ್ನೊಂದು ಪ್ರಯೋಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1982ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಶೆಪರ್ಡ್ ಸೀಗಲ್ ಇಲಿಗಳಿಗೆ ಒಂದೇ ಜಾಗದಲ್ಲಿ ಹೆರಾಯಿನ್ ಕೊಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ದೊಡ್ಡ ಡೋಸ್ ಕೊಟ್ಟರು, ಕೆಲವಕ್ಕೆ ಅದೇ ಜಾಗದಲ್ಲಿ, ಕೆಲವಕ್ಕೆ ಬೇರೆ ಜಾಗದಲ್ಲಿ. ಹಳೇ ಜಾಗದಲ್ಲಿ ನೂರಕ್ಕೆ 32ರಷ್ಟು ಸತ್ತವು. ಹೊಸ ಜಾಗದಲ್ಲಿ 64. ಡೋಸ್ ಒಂದೇ! ಪರಿಚಯದ ಜಾಗ ಕಂಡರೆ ಹೆರಾಯಿನ್ ಬರುತ್ತಿದೆ ಅಂತ ಮೈ ಮೊದಲೇ ಸಜ್ಜಾಗುತ್ತದೆ, ಹೊಸ ಜಾಗದಲ್ಲಿ ಮೋಸಹೋಗುತ್ತದೆ ಅನ್ನುವುದು ಸೀಗಲ್ ಅವರ ವಿವರಣೆ. ನನ್ನ ಅಡುಗೆಮನೆ ಬಾಗಿಲಲ್ಲಿ ತಮ್ಮನ ಮೈ ಮಾಡಿದ್ದೂ ಅದನ್ನೇ. ಬರದೇ ಇರುವ ನೆಂಟನಿಗೆ ಬಾಗಿಲು ತೆರೆದು ನಿಂತಿತ್ತು.

ನಿಮ್ಮ ಬರಹದ ಕೊನೆಯಲ್ಲಿ "ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ ಗೆದ್ದಂತೆ" ಅಂತ ಇತ್ತು. ಈ ಒಂದು ಸಾಲು ಮಾತ್ರ ತಪ್ಪು. ಬಿಟ್ಟ ಕೆಲವೇ ವಾರದಲ್ಲಿ ದೊಡ್ಡ ಡೋಸ್ ತಾಳುವ ಮೈಯ ಶಕ್ತಿ ಇಳಿದುಹೋಗಿರುತ್ತದೆ. ಆಸೆ ಮಾತ್ರ ಹಾಗೇ ಇರುತ್ತದೆ. ಒಮ್ಮೆ ಕಾಲು ಜಾರಿ ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದಲೋ ಚಿಕಿತ್ಸಾ ಕೇಂದ್ರದಿಂದಲೋ ಹೊರಬಂದ ಮೊದಲ ವಾರಗಳಲ್ಲೇ ಸಾವು ಜಾಸ್ತಿ. ಮನೆಯವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಇನ್ನು ಮನೆಗೆ ಬಂದವರೆಲ್ಲ ಹೇಳುತ್ತಿದ್ದ ಮಾತು: "ಮನಸ್ಸು ಮಾಡಿದ್ದರೆ ಯಾವಾಗಲೋ ಬಿಡುತ್ತಿದ್ದ, ಮುಂದಿನದನ್ನ ಯೋಚಿಸಬೇಕಪ್ಪ." ನಾನೂ ಹೇಳಿದ್ದೇನೆ, ಕೂಗಾಡಿ ಹೇಳಿದ್ದೇನೆ. ಆಮೇಲೆ ಅಮೆರಿಕದ ಸಂಶೋಧಕರಾದ ನ್ಯಾನ್ಸಿ ಪೆಟ್ರಿ, ವಾರೆನ್ ಬಿಕೆಲ್ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಓದಿದೆ. ಒಬ್ಬ ಮನುಷ್ಯ ಎದ್ದು ತನ್ನ ಮುಂದಿನ ದಿನಗಳ ಬಗ್ಗೆ ಯೋಚಿಸುತ್ತಾನೆ, ಕಥೆ ಮುಂದುವರಿಸಿ ಅಂದರಂತೆ. ಚಟವಿಲ್ಲದವರ ಕಥೆ ಸರಾಸರಿ 4.7 ವರ್ಷ ಮುಂದಕ್ಕೆ ಹೋಯಿತು. ಹೆರಾಯಿನ್ ಚಟದವರದ್ದು 9 ದಿನ. ಮುಂದಿನದನ್ನು ಯೋಚಿಸು ಅಂತ ನಾವು ಕೇಳುವುದು, ಮುಂದೆ 9 ದಿನ ಮಾತ್ರ ಕಾಣುವವನನ್ನು! ಚಟದಿಂದ ಹೀಗಾಯಿತೋ, ಹೀಗಿದ್ದವರು ಬೇಗ ಚಟಕ್ಕೆ ಬೀಳುತ್ತಾರೋ ಅನ್ನುವುದು ಬೇರೆ ಚರ್ಚೆ. ಎರಡೂ ಇರಬಹುದು. ನಮ್ಮ ಮನೆಯಲ್ಲಂತೂ 9 ದಿನವೂ ದೂರದ ಮಾತಾಗಿತ್ತು. ಆಗ ತಮ್ಮನ "ನಾಳೆ" ಅಂದರೆ ಮುಂದಿನ ಆರು ಗಂಟೆ.

ಬಿಟ್ಟ ಮೇಲೆ ಇನ್ನೊಂದು ಕಷ್ಟ. ಏನೂ ರುಚಿಸುವುದಿಲ್ಲ. ಅಷ್ಟು ದೊಡ್ಡ ಸದ್ದು ಕೇಳಿದ ಕಿವಿಗೆ ಸಣ್ಣ ಸದ್ದು ಕೇಳಿಸುವುದು ಹೇಗೆ? ನಿದ್ದೆ ಇಲ್ಲ, ನಗು ಇಲ್ಲ, ಸಣ್ಣ ನೋವೂ ಜಾಸ್ತಿ ನೋಯುತ್ತದೆ. ಗಮನ ನಿಲ್ಲುವುದಿಲ್ಲ. ಪದಬಂಧ ಬಿಡಿಸುವುದು ಅವನ ಚಿಕ್ಕಂದಿನ ಹುಚ್ಚು. ಮೊದಲ ವರ್ಷ ಸುಳಿವು ಓದಿ ಮನೆ ಎಣಿಸುವಷ್ಟರಲ್ಲಿ ಸುಳಿವೇ ಮರೆಯುತ್ತಿತ್ತು. ಪೆನ್ನು ಎಸೆದು ಎದ್ದು ಹೋಗುತ್ತಿದ್ದ. ತಿಂಗಳುಗಳು ಕಳೆದಂತೆ ಇದೆಲ್ಲ ನಿಧಾನಕ್ಕೆ ಸುಧಾರಿಸುತ್ತದೆ ಅಂತ ವೈದ್ಯರು ಹೇಳಿದ್ದರು. ಸುಧಾರಿಸಿತು ಕೂಡ. ಅವನಿಗೆ ಹೆರಾಯಿನ್ ಆಸೆಯನ್ನು ತಗ್ಗಿಸುವ ಬ್ಯೂಪ್ರೆನಾರ್ಫಿನ್ ಮಾತ್ರೆ ಕೊಡುತ್ತಿದ್ದಾರೆ. "ಒಂದು ಅಮಲು ಬಿಟ್ಟು ಇನ್ನೊಂದು ಹಿಡಿದ" ಅನ್ನುವವರಿಗೆ ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಆ ಮಾತ್ರೆ ಅವನಿಗೆ ಅಮಲು ಏರಿಸುವುದಿಲ್ಲ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಲು ಬಿಡುತ್ತದೆ. ಇಂಥ ಔಷಧಿ ತೆಗೆದುಕೊಳ್ಳುವವರು ಓವರ್‌ಡೋಸ್‌ನಿಂದ ಸಾಯುವುದು ಕಡಿಮೆ. ನನಗೆ ಅಷ್ಟು ಸಾಕು.

ಹಾಗಾದರೆ ಯಾವ ಫೋಟೊ ಹಾಕೋಣ ಅಂತೀರಾ? ನಲೋಕ್ಸೋನ್ ಮೂಗಿನ ಸ್ಪ್ರೇಯ ಫೋಟೊ ಹಾಕಿ. ಹೆರಾಯಿನ್ ಓವರ್‌ಡೋಸ್ ಆಗಿ ನಿಂತ ಉಸಿರನ್ನು ಕೆಲವೇ ನಿಮಿಷದಲ್ಲಿ ವಾಪಸ್ ತರಬಲ್ಲ ಔಷಧಿ ಅದು. ಅದರ ಕೆಲಸ 30ರಿಂದ 90 ನಿಮಿಷ ಅಷ್ಟೇ, ಆಮೇಲೆ ಉಸಿರು ಮತ್ತೆ ನಿಲ್ಲಬಹುದು, ಹಾಗಾಗಿ ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು ಅಂತ ಕೆಳಗೆ ಒಂದು ಸಾಲು ಬರೆಯಿರಿ. ಚಮಚ ಹೇಗಿರುತ್ತದೆ ಅಂತ ಗೊತ್ತಿರಬೇಕಾದವರಿಗೆ ಈಗಾಗಲೇ ಗೊತ್ತಿದೆ.

ಆ ಭಾನುವಾರ ನಿಮ್ಮ ಫೋಟೊ ಬಂದದ್ದು ಪದಬಂಧದ ಹಿಂಬದಿಯಲ್ಲಿ. ನಾನು ಆ ಹಾಳೆ ತೆಗೆದು ಬೀರುವಿನಲ್ಲಿಟ್ಟೆ. ಹತ್ತು ನಿಮಿಷಕ್ಕೇ "ಅಕ್ಕಾ, ಪದಬಂಧ ಎಲ್ಲಿ?" ಅಂತ ಶುರುವಾಯಿತು. ಕೊನೆಗೆ ಪದಬಂಧದ ಭಾಗವನ್ನಷ್ಟೇ ಕತ್ತರಿಸಿ, ಹಿಂದೆ ಬಿಳಿ ಕಾಗದ ಅಂಟಿಸಿ ಕೊಟ್ಟೆ. ಅವನು ತಿರುಗಿಸಿ ನೋಡಿದ, ಏನೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬಿಟ್ಟು ಎಲ್ಲವನ್ನೂ ತುಂಬಿಸಿದ್ದ. ಮೇಲಿನಿಂದ ಕೆಳಕ್ಕೆ 14ರ ಸುಳಿವನ್ನು ನೀವು ತಪ್ಪಾಗಿ ಅಚ್ಚು ಮಾಡಿದ್ದೀರಿ ಅನ್ನುವುದು ಅವನ ವಾದ. ಅದನ್ನೂ ಸ್ವಲ್ಪ ನೋಡಿ.

ಇಂತಿ,
ನಿಮ್ಮ ಹಳೆಯ ಓದುಗಿ
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ. ದಯವಿಟ್ಟು ಪ್ರಕಟಿಸಬೇಡಿ.)