ಅಯಾನುಗೋಳದ ಲೆಕ್ಕಕ್ಕೆ ತಾರಸಿ ಬಿಟ್ಟುಕೊಟ್ಟವರಿಗೆ

ಕಾಸರಗೋಡಿನ ಬದಿಯಡ್ಕ ಪರಿಸರದ ತಾರಸಿಯೊಂದರ ಮೇಲೆ ಕೂರಿಸಿದ, ಜಿಪಿಎಸ್ ಮುಂತಾದ ಉಪಗ್ರಹಗಳ ಸಂಕೇತ ಹಿಡಿಯುವ ಜಿಎನ್‌ಎಸ್‌ಎಸ್ ರಿಸೀವರ್ ಒಂದು ವರ್ಷ ಪೂರೈಸಿದೆ. ಅದರ ದತ್ತಾಂಶದಿಂದ ಕಟ್ಟಿದ ಟಿಇಸಿ ಮಾದರಿಯೂ (ಸಂಕೇತವನ್ನು ತಡಮಾಡಿಸುವ ಅಯಾನುಗೋಳ ಎಂಬ ಮೇಲಿನ ವಾತಾವರಣದ ವಿದ್ಯುದಾವೇಶದ ಪದರದಲ್ಲಿ, ಸಂಕೇತದ ದಾರಿಯುದ್ದಕ್ಕೂ ಇರುವ ಎಲೆಕ್ಟ್ರಾನುಗಳ ಲೆಕ್ಕ) ಮಳೆ, ಚಳಿ, ಬೇಸಿಗೆ ಮೂರನ್ನೂ ಕಂಡಂತಾಯಿತು. ಯಾರಿಂದ ಯಾವ ದೋಷ ಕಳೆಯಿತು ಎಂದು ಹೇಳದಿದ್ದರೆ ಇದು ಬರೀ ಸಭೆಯ ವಂದನಾರ್ಪಣೆಯಾದೀತು, ಹಾಗಾಗಿ ಸ್ವಲ್ಪ ವಿವರ.

ಮೊದಲ ಧನ್ಯವಾದ ಮನೆಯವರಿಗೆ. ಅಡಿಕೆ ಒಣಗಿಸುವ ತಾರಸಿಗೆ ತಗಡಿನ ಮಾಡು ಇರುವುದು ನಮ್ಮೂರಲ್ಲಿ ಮಾಮೂಲು. ಆಂಟೆನಾಕ್ಕೆ ಅದೇ ಶತ್ರು. ತಗಡಿಗೆ ಬಡಿದು ಬಂದ ಸಂಕೇತ ನೇರ ಸಂಕೇತದೊಂದಿಗೆ ಬೆರೆತು ಸುಳ್ಳು ಏರಿಳಿತ ಹುಟ್ಟಿಸುತ್ತದೆ. ಗುರುತಿಸುವುದು ಸುಲಭ: ಜಿಪಿಎಸ್ ಉಪಗ್ರಹಗಳ ದಾರಿ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಮರುಕಳಿಸುವುದರಿಂದ ಈ ಸುಳ್ಳು ಅಲೆಯೂ ಅಷ್ಟೇ ಮುಂಚಿತವಾಗಿ ಬರುತ್ತದೆ. ಅಯಾನುಗೋಳ ಹಾಗೆ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಮಾಡಿನ ಅಂಚಿನಿಂದಾಚೆ ಕಬ್ಬಿಣದ ಪೈಪು ಎತ್ತರಿಸಲು ಬಿಟ್ಟದ್ದು, ಬುಡಕ್ಕೆ ಲೋಹದ ತಟ್ಟೆ ಹಾಕಿಸಿಕೊಟ್ಟದ್ದು ಮನೆಯವರ ದೊಡ್ಡ ಉಪಕಾರ.

ವಯರಿಂಗಿನವರಿಗೂ ಅಷ್ಟೇ ಋಣಿ. ಏಪ್ರಿಲ್–ಮೇ ತಿಂಗಳ ಸಿಡಿಲಿನಲ್ಲಿ ಕೇಬಲ್ ಮೂಲಕ ಇಳಿಯುವ ಸರ್ಜ್ ರಿಸೀವರನ್ನು ಸುಡದಿರಲು ಅರೆಸ್ಟರ್ ಇದ್ದರೆ ಸಾಲದು, ಅರ್ತಿಂಗ್ ಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಅದಕ್ಕೇ ಅರ್ತ್ ಗುಂಡಿಯನ್ನು ಬಚ್ಚಲು ನೀರು ಹರಿಯುವ ಕಡೆ ತೋಡಿದರು. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯೂ ಅವರದೇ ಸಲಹೆ. ಕರೆಂಟು ಹೋದಾಗ ಮೆಮೊರಿ ಕಾರ್ಡು ಕೆಡುವುದು ಅಲ್ಲಿಗೆ ನಿಂತಿತು.

ಕಾಸರಗೋಡೇ ಯಾಕೆ ಎಂದು ಕೇಳಿದವರಿಗೆ ಒಂದು ಲೆಕ್ಕ. ಅಯಾನುಗೋಳವನ್ನು 350 ಕಿ.ಮೀ. ಎತ್ತರದ ತೆಳು ಪದರ ಎಂದು ಹಿಡಿದರೆ, ದಿಗಂತದಿಂದ 20 ಡಿಗ್ರಿ ಮೇಲಿರುವ ಉಪಗ್ರಹದ ಸಂಕೇತ ಆ ಪದರವನ್ನು ತೂರುವುದು ನಮ್ಮಿಂದ ಸುಮಾರು 7 ಡಿಗ್ರಿ ಆಚೆ. ಬಡಗಿಗೆ ನೋಡಿದರೆ ಅದು ಮುಂಬೈಯ ಅಕ್ಷಾಂಶ, ತೆಂಕಿಗೆ ನೋಡಿದರೆ ಕನ್ಯಾಕುಮಾರಿ ದಾಟಿದ ಸಮುದ್ರ! ಕಾಂತೀಯ ಸಮಭಾಜಕ ಹಾದುಹೋಗುವುದು ಕೇರಳದ ತೆಂಕಣ ತುದಿಯ ಹತ್ತಿರ. ಅಲ್ಲಿ ಮೇಲೆದ್ದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಗೆರೆ ಹಿಡಿದು ಇಳಿದು ಅಹಮದಾಬಾದ್, ಭೋಪಾಲ್ ಕಡೆಯ ಅಕ್ಷಾಂಶಗಳಲ್ಲಿ ಗುಡ್ಡೆಯಾಗುತ್ತವೆ. ನಾವಿರುವುದು ಆ ಏರಿನ ಮೇಲೆ. ಎಲ್ಲ ದಿಕ್ಕಿಗೂ ಒಂದೇ ಸರಾಸರಿ ಹಾಕುವ ಮಾದರಿ ಇಲ್ಲಿ ಸೋಲುತ್ತದೆ. ಅಕ್ಷಾಂಶಕ್ಕೆ ಎರಡನೇ ಘಾತದ ಪದ ಸೇರಿಸಲೇಬೇಕು.

ಅಯಾನುಗೋಳದ ತಡ ತಿದ್ದಲು ಜಿಪಿಎಸ್ ತಾನೇ ಕಳಿಸುವ ಕ್ಲೊಬುಚಾರ್ ಮಾದರಿಗೆ 8 ಗುಣಾಂಕ ಮಾತ್ರ. ಅರ್ಧದಷ್ಟು ದೋಷ ಕಳೆಯುವುದೇ ಅದರ ಗುರಿ. ತಡದ ಶಿಖರವನ್ನು ಸ್ಥಳೀಯ ಸಮಯ ಮಧ್ಯಾಹ್ನ 2ಕ್ಕೆ, ಅಂದರೆ ನಮ್ಮ ಗಡಿಯಾರದ ಎರಡೂವರೆಗೆ ಇಡುತ್ತದೆ. ರಾತ್ರಿಗೆ 5 ನ್ಯಾನೋಸೆಕೆಂಡ್ ತಡ ಎಂದು ಕೈತೊಳೆದುಕೊಳ್ಳುತ್ತದೆ. ಅದು ಜಿಪಿಎಸ್ ಸಂಕೇತದ ಮುಖ್ಯ ಕಂಪನಾಂಕ ಎಲ್1ರಲ್ಲಿ ಒಂದೂವರೆ ಮೀಟರ್, ಸುಮಾರು 9 ಟಿಇಸಿ ಘಟಕ. ಸೂರ್ಯ ಚುರುಕಾಗಿರುವ ವರ್ಷಗಳ ಮಾರ್ಚ್, ಸೆಪ್ಟೆಂಬರಿನಲ್ಲಿ ರಾತ್ರಿ ಒಂಬತ್ತಕ್ಕೂ ಇಲ್ಲಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ.

ನಮ್ಮ ಅತಿ ದೊಡ್ಡ ತಲೆನೋವು ಕಳೆದವರು ಕಾಲೇಜಿನ ಭೌತವಿಜ್ಞಾನ ವಿದ್ಯಾರ್ಥಿಗಳು. ಬೆಳಗಿನ ಜಾವದ ಟಿಇಸಿ ಸೊನ್ನೆಗಿಂತ ಕೆಳಗಿಳಿಯುವುದನ್ನು ಹಿಡಿದವರು ಅವರು. ಎಲೆಕ್ಟ್ರಾನುಗಳ ಎಣಿಕೆ ಋಣಾತ್ಮಕವಾಗುವುದುಂಟೇ? ಎಲ್1 ಮತ್ತು ಎರಡನೇ ಕಂಪನಾಂಕ ಎಲ್2 ದಾರಿಗಳ ನಡುವೆ ರಿಸೀವರಿನೊಳಗೇ 1 ನ್ಯಾನೋಸೆಕೆಂಡ್ ವ್ಯತ್ಯಾಸವಿದ್ದರೆ 2.85 ಟಿಇಸಿ ಘಟಕದ ತಪ್ಪು. ಪೆಟ್ಟಿಗೆ ಬಿಸಿಲಿಗೆ ಕಾದರೆ ಅದೂ ಜರಗುತ್ತದೆ. ಈಗ ಪೆಟ್ಟಿಗೆ ನೆರಳಿನಲ್ಲಿದೆ. ನಸುಕಿನಲ್ಲಿ ಎಲ್ಲ ಉಪಗ್ರಹಗಳ ಲಂಬ ಟಿಇಸಿ (ನೆಟ್ಟಗೆ ಮೇಲಕ್ಕೆ ಪರಿವರ್ತಿಸಿದ ಎಣಿಕೆ) ಪರಸ್ಪರ ಹತ್ತಿರ ಬರುವಂತೆ ಬಯಾಸ್, ಅಂದರೆ ಈ ಒಳವ್ಯತ್ಯಾಸದ ಬೆಲೆ, ಆರಿಸುತ್ತೇವೆ.

ಜಾಗ ಅಳೆಯುವ ಸರ್ವೆಯವರು ತಮ್ಮ ಆರ್‌ಟಿಕೆ ರೋವರ್ (ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಉಪಗ್ರಹ ಸಾಧನ) ಫಿಕ್ಸ್ ಬಿಟ್ಟು ಫ್ಲೋಟಿಗೆ, ಅಂದರೆ ಖಚಿತ ಸ್ಥಾನ ಬಿಟ್ಟು ಅಂದಾಜಿಗೆ, ಜಾರಿದ ಹೊತ್ತುಗಳನ್ನು ಬರೆದು ಕೊಟ್ಟರು. ಆ ಹೊತ್ತಿನಲ್ಲಿ ನಮ್ಮ ರೋಟಿ ಸೂಚ್ಯಂಕ (ಐದು ನಿಮಿಷದ ಟಿಇಸಿ ಬದಲಾವಣೆಯ ಚೆದುರು, ತಿನ್ನುವ ರೊಟ್ಟಿಯಲ್ಲ) 0.5 ದಾಟಿದ್ದರೆ ಅಯಾನುಗೋಳವನ್ನು ಸಂಶಯಿಸಬಹುದು. ಇಲ್ಲದಿದ್ದರೆ ಬಹುಪಾಲು ತೆಂಗಿನ ಸೋಗೆಯದೇ ಕಿತಾಪತಿ.

ದತ್ತಾಂಶ ಬಳಸುವವರ ಗಮನಕ್ಕೆ: ಸೂರ್ಯಾಸ್ತದಿಂದ ಮಧ್ಯರಾತ್ರಿಯವರೆಗೆ ಪ್ಲಾಸ್ಮಾ ಗುಳ್ಳೆಗಳಿಂದ (ಅಯಾನುಗೋಳದಲ್ಲಿ ಎಲೆಕ್ಟ್ರಾನು ವಿರಳವಾದ ಪೊಳ್ಳುಗಳು) ಸೈಕಲ್ ಸ್ಲಿಪ್, ಅಂದರೆ ರಿಸೀವರಿನ ಅಲೆ ಎಣಿಕೆ ತಪ್ಪುವುದು, ಹೆಚ್ಚು, ಆ ಭಾಗವನ್ನು ತೇಪೆ ಹಾಕದೆ ಹಾಗೆಯೇ ಇಟ್ಟಿದ್ದೇವೆ. ಹಳೆಯ ಜಿಪಿಎಸ್ ಉಪಗ್ರಹಗಳು ಎಲ್2ಸಿ (ಎಲ್2ರ ನಾಗರಿಕ ಸಂಕೇತ) ಬಿತ್ತರಿಸುವುದಿಲ್ಲ, ಅವುಗಳ ಸಾಲು ಖಾಲಿ. ಕೇಬಲ್ ಬದಲಾದ ದಿನದ ಹಿಂದು ಮುಂದಿನ ಕಡತಗಳಿಗೆ ಬಯಾಸ್ ಬೇರೆ ಬೇರೆ, ದಯವಿಟ್ಟು ಬೆರೆಸಬೇಡಿ.