ಸಿಇಟಿ: ಪ್ರಶ್ನೆ ಬಿಡುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಮಂಡ್ಯ, ಮೈಸೂರಿನ ಪಿಯು ಕಾಲೇಜುಗಳಲ್ಲಿ ಸಿಇಟಿ ಮಾಕ್ ಟೆಸ್ಟ್‌ಗಳಿಗೆ ಕೊರತೆಯಿಲ್ಲ. ಟೆಸ್ಟ್ ಮುಗಿದ ಮೇಲೆ ಅಂಕಪಟ್ಟಿ ಹಾಕುತ್ತಾರೆ, ಕಡಿಮೆ ಬಂದವರನ್ನು ಇನ್ನಷ್ಟು ಓದಿ ಎನ್ನುತ್ತಾರೆ. ಬಗ್ಗದ ಪ್ರಶ್ನೆಯನ್ನು ಯಾವ ಹೊತ್ತಿಗೆ ಕೈಬಿಡಬೇಕು ಎಂಬುದನ್ನು ಮಾತ್ರ ಕಲಿಸುವವರು ಕಡಿಮೆ. ಚೆನ್ನಾಗಿ ಓದಿದ ಮಕ್ಕಳೂ ಅಂಕ ಕಳೆದುಕೊಳ್ಳುವುದು ಇಲ್ಲೇ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅದರಲ್ಲಿ ಉತ್ತರಿಸಲು ಸಿಗುವುದು 70 ನಿಮಿಷ ಮಾತ್ರ. ಪ್ರಶ್ನೆಗೆ 70 ಸೆಕೆಂಡ್ ಬಿತ್ತು, ಒಎಂಆರ್ ಉತ್ತರ ಹಾಳೆಯಲ್ಲಿ ಉತ್ತರದ ವೃತ್ತಗಳನ್ನು ಶೇಡ್ ಮಾಡುವುದೂ ಅದರೊಳಗೇ ಆಗಬೇಕು. ಮಾಕ್ ಟೆಸ್ಟ್‌ಗೆ ಪೂರ್ತಿ 80 ನಿಮಿಷ ಕೊಟ್ಟು, ಉತ್ತರಗಳನ್ನು ಬಿಳಿಹಾಳೆಯಲ್ಲಿ ಎ, ಬಿ, ಸಿ, ಡಿ ಎಂದು ಬರೆಸಿಕೊಂಡರೆ ಆ ಅಂಕವನ್ನು ನಂಬುವಂತಿಲ್ಲ.

ಗಣಿತದ ಒಂದು ಪ್ರಶ್ನೆ ನೋಡಿ. ಸೈನ್ ಎಕ್ಸ್‌ನ ವರ್ಗಮೂಲವನ್ನು, ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ವರ್ಗಮೂಲಗಳ ಮೊತ್ತದಿಂದ ಭಾಗಿಸಿ, ಸೊನ್ನೆಯಿಂದ ಪೈ ಬೈ ಟೂವರೆಗೆ ಇಂಟಿಗ್ರೇಟ್ ಮಾಡಬೇಕು. ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿದರೆ ಸೈನ್, ಕಾಸ್ ಅದಲುಬದಲಾಗುತ್ತವೆ. ಎರಡನ್ನೂ ಕೂಡಿದರೆ ಒಳಗೆ ಉಳಿಯುವುದು 1, ಉತ್ತರ ಪೈ ಬೈ ಫೋರ್. ಇದು ಹೊಳೆದರೆ ಅರ್ಧ ನಿಮಿಷದ ಕೆಲಸ. ಹೊಳೆಯದವರು ಸಬ್‌ಸ್ಟಿಟ್ಯೂಶನ್ ಹಿಡಿದು ರಫ್ ವರ್ಕ್ ಪುಟ ತುಂಬಿಸುತ್ತಾರೆ. ನಾಲ್ಕು ನಿಮಿಷ ಕಳೆದಾಗ, ಇಷ್ಟು ಮಾಡಿದ ಮೇಲೆ ಬಿಡುವುದು ಹೇಗೆ ಎಂದು ಇನ್ನೂ ಒಂದು ನಿಮಿಷ ಕೂರುತ್ತಾರೆ. ಗೆದ್ದರೂ ಅದಕ್ಕೆ ಒಂದೇ ಅಂಕ. ಆ ಐದು ನಿಮಿಷದಲ್ಲಿ ನಾಲ್ಕು ಪ್ರಶ್ನೆ ಮುಗಿಯುತ್ತಿದ್ದವು.

ಆದ್ದರಿಂದ ಮಕ್ಕಳಿಗೆ ಒಂದು ಕಟ್ಟುಪಾಡು ಬೇಕು. ಪ್ರಶ್ನೆಯನ್ನು ಎರಡು ಸಲ ಓದಿ 30 ಸೆಕೆಂಡ್‌ನಲ್ಲಿ ಮೊದಲ ಸಾಲು ಬರೆಯಲಾಗದಿದ್ದರೆ ಸಂಖ್ಯೆಗೆ ರೌಂಡ್ ಹಾಕಿ ಮುಂದೆ ಹೋಗಬೇಕು. ದಾರಿ ಗೊತ್ತಿದ್ದೂ ಎರಡು ನಿಮಿಷ ಮೀರಿದರೆ ಅದನ್ನೂ ಬಿಡಬೇಕು. ಹೀಗೆ 40–45 ನಿಮಿಷದಲ್ಲಿ ಅರವತ್ತನೇ ಪ್ರಶ್ನೆ ಮುಟ್ಟಿದರೆ ರೌಂಡ್ ಹಾಕಿದವುಗಳಿಗೆ 20 ನಿಮಿಷವಾದರೂ ಉಳಿಯುತ್ತದೆ. ಎರಡನೇ ಸುತ್ತಿನಲ್ಲಿ ಆಯ್ಕೆಗಳಿಂದಲೇ ಶುರು ಮಾಡುವುದು ಒಳ್ಳೆಯದು: ಸಮೀಕರಣಕ್ಕೆ ಆಯ್ಕೆಯ ಬೆಲೆಗಳನ್ನು ಹಾಕಿ ನೋಡುವುದು, ಭೌತಶಾಸ್ತ್ರವಾದರೆ ಯೂನಿಟ್ ತಾಳೆಯಾಗದ ಆಯ್ಕೆಗಳನ್ನು ಹೊಡೆದುಹಾಕುವುದು. ಜೀವಶಾಸ್ತ್ರದಲ್ಲಿ ಇಷ್ಟು ಎಳೆದಾಟವಿರುವುದಿಲ್ಲ, ಹೊಂದಿಸಿ ಬರೆಯುವ ಪ್ರಶ್ನೆಗಳನ್ನು ಕೊನೆಗಿಟ್ಟುಕೊಂಡರೆ ಸಾಕು.

ಪ್ರಶ್ನೆ ಬಿಡುವುದರಲ್ಲಿ ಒಂದು ಅಪಾಯವಿದೆ. 17ನ್ನು ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ಶೇಡ್ ಮಾಡಿದರೆ ಮುಂದಿನದೆಲ್ಲ ಒಂದೊಂದು ಸಾಲು ಮೇಲೇರುತ್ತದೆ. ಬಾಲ್‌ಪೆನ್ನಿನ ಗುರುತು ಅಳಿಸಲಾಗದು. ಎಲ್ಲವನ್ನೂ ಕೊನೆಗೆ ಒಟ್ಟಿಗೆ ಶೇಡ್ ಮಾಡುವವರು ಅವಸರದಲ್ಲಿ ಇನ್ನಷ್ಟು ತಪ್ಪುತ್ತಾರೆ. ಪುಸ್ತಿಕೆಯ ಒಂದೊಂದು ಪುಟ ಮುಗಿದ ಹಾಗೆ ಆ ಪುಟದ ಉತ್ತರಗಳನ್ನು, ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ಶೇಡ್ ಮಾಡುವುದು ಕ್ಷೇಮ.

ಸಿಇಟಿಯಲ್ಲಿ ನೆಗೆಟಿವ್ ಅಂಕವಿಲ್ಲ. ಹಾಗಾಗಿ ಕೊನೆಯ ಐದು ನಿಮಿಷ ಹೊಸ ಲೆಕ್ಕಕ್ಕೆ ಕೈಹಾಕದೆ, ಖಾಲಿ ಉಳಿದ ಸಾಲುಗಳನ್ನೆಲ್ಲ ತುಂಬಬೇಕು. ಅದೇ ಮಕ್ಕಳು ಬರೆಯುವ ನೀಟ್‌ನಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಎರಡು ಆಯ್ಕೆ ಹೊಡೆದುಹಾಕಲು ಸಾಧ್ಯವಾದರೆ ಅಲ್ಲಿಯೂ ಊಹಿಸಬಹುದು, ಏನೂ ಗೊತ್ತಿಲ್ಲದ್ದನ್ನು ಬಿಡುವುದೇ ಮೇಲು. ಎರಡಕ್ಕೂ ಒಂದೇ ಉಪದೇಶ ಕೊಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆದರೆ ಅವುಗಳ ಮುಂದೆ ಕೂತು ಕಳೆದ ನಿಮಿಷಗಳನ್ನು ಯಾರೂ ವಾಪಸ್ ಕೊಡಲಿಲ್ಲ. ಬಿಡುವುದು ರೂಢಿಯಾಗಿದ್ದವರಿಗೆ ಅಂದು ನಷ್ಟ ಕಡಿಮೆ.

ಕಾಲೇಜುಗಳು ವಾರದ ಟೆಸ್ಟನ್ನು 70 ನಿಮಿಷಕ್ಕೆ ಇಳಿಸಿ, ಒಎಂಆರ್ ನಕಲಿನ ಮೇಲೇ ಬರೆಸಲಿ. ರಫ್ ವರ್ಕ್ ಪುಟಗಳನ್ನೂ ತೆಗೆದುಕೊಂಡು ನೋಡಲಿ, ಮಗು ಎಲ್ಲಿ ಸಿಕ್ಕಿಕೊಂಡಿತೆಂದು ಅದರಲ್ಲೇ ಕಾಣುತ್ತದೆ. ಪರೀಕ್ಷಾ ಕೊಠಡಿಗೆ ಮಕ್ಕಳು ಕೈಗಡಿಯಾರ ಒಯ್ಯುವಂತಿಲ್ಲ. ಹಾಗಾಗಿ ನಮ್ಮ ಜಿಲ್ಲೆಗಳ ಪ್ರತಿ ಕೇಂದ್ರದ ಪ್ರತಿ ಕೊಠಡಿಯಲ್ಲೂ ಎಲ್ಲರಿಗೂ ಕಾಣುವಂತೆ ಸರಿಯಾಗಿ ಓಡುವ ಗೋಡೆ ಗಡಿಯಾರ ಇರುವಂತೆ, ಬ್ಯಾಟರಿ ಹಿಂದಿನ ದಿನವೇ ಪರೀಕ್ಷಿಸುವಂತೆ ಕೇಂದ್ರಗಳ ಮುಖ್ಯಸ್ಥರು ನೋಡಿಕೊಳ್ಳಬೇಕೆಂದು ಕೋರುತ್ತೇನೆ.

– ಗಣಿತ ಉಪನ್ಯಾಸಕ, ಮಂಡ್ಯ