ಮೊಲದ ಪಂಜರ ಮತ್ತು ನೀವು ಕೊಟ್ಟ ಮದ್ದಿನ ಬಗ್ಗೆ ದೂರು

ಗೆ,
ಮಾಲೀಕರು,
ಸಾಕುಪ್ರಾಣಿ ಸಾಮಗ್ರಿಗಳ ಅಂಗಡಿ,
ಮಂಗಳೂರು

ವಿಷಯ: ತಂತಿ ತಳದ ಪಂಜರದಿಂದ ಮೊಲದ ಪಾದ ಹುಣ್ಣಾದದ್ದು, ನಾಯಿಯ ಮದ್ದನ್ನು ಮೊಲಕ್ಕೆಂದು ಕೊಟ್ಟದ್ದು

ಮಾನ್ಯರೇ,

ಮೇ ಕೊನೆಯಲ್ಲಿ ನಿಮ್ಮ ಅಂಗಡಿಯಿಂದ 3,200 ರೂಪಾಯಿ ಕೊಟ್ಟು ಮೊಲದ ಪಂಜರ ತಂದೆ. ಅದರ ತಳವೂ ತಂತಿ ಬಲೆಯದ್ದೇ. ಕಾಲು ನೋಯುವುದಿಲ್ವಾ ಎಂದು ಆಗಲೇ ಕೇಳಿದ್ದೆ. "ಏನೂ ಆಗುದಿಲ್ಲ ಮೇಡಂ, ಹಿಕ್ಕೆ ಎಲ್ಲ ಕೆಳಗೆ ಬೀಳ್ತದೆ, ನಿಮಗೆ ಕ್ಲೀನ್ ಮಾಡ್ಲಿಕ್ಕೆ ಸುಲಭ" ಅಂದರು ನಿಮ್ಮವರು. ನಂಬಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮೂರಿನ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಪಂಜರವೂ ಸದಾ ಪಸೆ. ಜುಲೈ ಹೊತ್ತಿಗೆ ನಮ್ಮ ಮೊಲ ಮಲ್ಲಿ ಒಂದು ಕಡೆ ಕೂರುವುದನ್ನೇ ಬಿಟ್ಟಳು. ಒಂದು ಹಿಂಗಾಲು ಎತ್ತುವುದು, ಇಳಿಸುವುದು, ಇನ್ನೊಂದು ಎತ್ತುವುದು. ಎತ್ತಿಕೊಂಡು ಮಗುಚಿ ನೋಡಿದರೆ ಎರಡೂ ಹಿಮ್ಮಡಿಯ ಕೂದಲು ಉದುರಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗಾಗಿತ್ತು. ಎಡಗಾಲಿನಲ್ಲಿ ಚರ್ಮ ಒಡೆದಿತ್ತು. ತಂತಿಯ ಮೇಲೆ ಒಣಗಿದ ರಕ್ತ. ನನ್ನ ಮಗಳು ಆ ದಿನ ಊಟ ಮಾಡಲಿಲ್ಲ.

ಕುತ್ತಿಗೆಯ ಹಿಂದೆ ಬಿಳಿ ಹೊಟ್ಟೂ ಏಳುತ್ತಿತ್ತು. ಫೋಟೋ ತೋರಿಸಿದಾಗ ನಿಮ್ಮವರು ಕಾಲಿನ ಮಾತನ್ನೇ ಎತ್ತಲಿಲ್ಲ. ಹೊಟ್ಟಿಗೆ ಅಂತ ನಾಯಿಗಳ ಉಣ್ಣಿಗೆ ಹಾಕುವ ಡ್ರಾಪ್ಸ್ ಕೊಟ್ಟು, "ಅರ್ಧ ಹಾಕಿ ಸಾಕು" ಅಂದರು. ಪುಣ್ಯಕ್ಕೆ ಹಾಕುವ ಮೊದಲು ಪಶುವೈದ್ಯರ ಹತ್ತಿರ ಹೋದೆವು. ಅವರು ಪೆಟ್ಟಿಗೆ ತಿರುಗಿಸಿ ನೋಡಿ ಅದನ್ನು ಪಕ್ಕಕ್ಕಿಟ್ಟರು. ಅದರಲ್ಲಿರುವುದು ಫಿಪ್ರೊನಿಲ್. ಮೊಲಕ್ಕೆ ಅದು ವಿಷ, ಫಿಟ್ಸ್ ಬಂದು ಸಾಯಬಹುದು. ಅರ್ಧ ಹಾಕಿದರೂ ಅಷ್ಟೇ. ಹೊಟ್ಟಿಗೆ ಕಾರಣ ತುಪ್ಪಳದಲ್ಲಿ ಸೇರಿಕೊಂಡ ಸಣ್ಣ ಹುಳ. ಅದಕ್ಕೆ ತೂಕ ನೋಡಿ ಐವರ್‌ಮೆಕ್ಟಿನ್ ಎಂಬ ಮದ್ದು ಕೊಟ್ಟರು.

ಕಾಲಿನ ವಿಷಯವನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ, ನಿಮ್ಮ ಅಂಗಡಿಯವರಿಗೆ ಗೊತ್ತಿರಬೇಕು. ನಾಯಿ ಬೆಕ್ಕಿಗೆ ಪಾದದಡಿ ಮೆತ್ತೆ ಇರುತ್ತದೆ, ಮೊಲಕ್ಕೆ ಇಲ್ಲ. ದಪ್ಪ ಕೂದಲೊಂದೇ ಅದರ ಚಪ್ಪಲಿ. ಕೂತಾಗ ಭಾರ ಹಿಮ್ಮಡಿಯ ಮೇಲೆ ಬೀಳುತ್ತದೆ. ಗಟ್ಟಿ ತಂತಿಯ ಮೇಲೆ ದಿನವಿಡೀ ಕೂತರೆ ಅಲ್ಲಿ ರಕ್ತ ಸರಿಯಾಗಿ ಓಡದೆ ಚರ್ಮ ಸಾಯುತ್ತದೆ. ಪಸೆಯಾದರೆ ಇನ್ನೂ ಬೇಗ ಒಡೆಯುತ್ತದೆ. ಕೀವು ಒಳಗಿಳಿದರೆ ಮೂಳೆಗೂ ತಾಗಬಹುದು. ಉಗುರು ಬೆಳೆದಾಗ ಭಾರ ಮತ್ತೂ ಹಿಂದಕ್ಕೆ ಹೋಗುತ್ತದಂತೆ. ಉಗುರು ಕತ್ತರಿಸದೆ ಬಿಟ್ಟದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಪಂಜರ ನಿಮ್ಮದು. ಕೇಳಿದಾಗ ಸುಳ್ಳು ಧೈರ್ಯ ಹೇಳಿದವರೂ ನಿಮ್ಮವರು.

ಈಗ ಮಲ್ಲಿ ಅಡುಗೆಮನೆಯ ಪಕ್ಕದ ಜಗಲಿಯಲ್ಲಿದ್ದಾಳೆ. ಮೆತ್ತಗಿನ ಚಾಪೆ, ಮೇಲೆ ಒಣ ಬೈಹುಲ್ಲು, ದಿನಕ್ಕೆರಡು ಸಲ ಬದಲಾವಣೆ. ಹುಣ್ಣಿಗೆ ಹೊಸ ಚರ್ಮ ಬರುತ್ತಿದೆ, ಕೂದಲು ಇನ್ನೂ ಬಂದಿಲ್ಲ. ಮೊನ್ನೆ ಮಧ್ಯಾಹ್ನ ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ ಮಲಗಿದ್ದಳು. ಪಂಜರದಲ್ಲಿ ಒಂದು ದಿನವೂ ಹಾಗೆ ಮಲಗಿರಲಿಲ್ಲ.

ಪಂಜರ ವಾಪಸ್ ತೆಗೆದುಕೊಂಡು 3,200 ರೂಪಾಯಿ ಮತ್ತು ಚಿಕಿತ್ಸೆಗೆ ಆದ 1,850 ರೂಪಾಯಿ ಕೊಡಿ. ದುಡ್ಡಿಗಿಂತ ಜಾಸ್ತಿ ಬೇಕಾದದ್ದು ಇನ್ನೊಂದು: ತಂತಿ ತಳದ ಪಂಜರವನ್ನು ಮೊಲಕ್ಕೆ ಅಂತ ಮಾರಬೇಡಿ. ಮಾರಿದರೂ ತಳಕ್ಕೆ ಹಲಗೆ, ಚಾಪೆ ಕೊಟ್ಟೇ ಕಳಿಸಿ. ನಾಯಿಯ ಮದ್ದನ್ನು ಅಂದಾಜಿನಲ್ಲಿ ಮೊಲಕ್ಕೆ ಕೊಡುವುದನ್ನು ಇವತ್ತೇ ನಿಲ್ಲಿಸಿ. ಮೊನ್ನೆ ನಿಮ್ಮ ಅಂಗಡಿಗೆ ಬಂದಾಗ ಅದೇ ತರದ ಪಂಜರದಲ್ಲಿ ನಾಲ್ಕು ಮರಿಗಳಿದ್ದವು.

15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಬಿಲ್, ವೈದ್ಯರ ಚೀಟಿ, ಪಾದದ ಫೋಟೋಗಳ ಪ್ರತಿ ಇದರ ಜೊತೆಗಿವೆ. ಡ್ರಾಪ್ಸ್‌ನ ಪೆಟ್ಟಿಗೆ ಒಡೆಯದೆ ನನ್ನ ಹತ್ತಿರವೇ ಇದೆ.

ಇತಿ,
ನಿಮ್ಮ ಗ್ರಾಹಕಿ,
ಉರ್ವ, ಮಂಗಳೂರು